ಮುತ್ಯಾನ ಮುಷ್ಟಿ, ಮೊಮ್ಮಗನ ಮಗ್ಗಿ

ಪ್ರಶ್ನೆ: ನಮ್ಮದು ಶಹಾಪುರ. ಮಾವನವರು 40 ವರ್ಷದಿಂದ ಕಲಬುರಗಿ ಗಂಜಿನಲ್ಲಿ ತೊಗರಿ ದಲಾಲಿ ಮಾಡುತ್ತಾರೆ. ಓದಿದ್ದು 3ನೇ ತರಗತಿ. ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಕಾಳು ತೆಗೆದರೆ ಸಾಕು, ಹಸಿ ಎಷ್ಟಿದೆ, ಎಷ್ಟು ರೇಟಿಗೆ ಹೋಗುತ್ತದೆ ಅಂತ ಹೇಳಿಬಿಡುತ್ತಾರೆ. ಲೆಕ್ಕವೂ ಬಾಯಲ್ಲೇ. ನಾನು ಬಿ.ಕಾಂ. ಮಾಡಿದವಳು. ಮೊಬೈಲ್ ಹೊರಗೆ ತೆಗೆಯುವಷ್ಟರಲ್ಲಿ ಅವರ ಲೆಕ್ಕ ಮುಗಿದಿರುತ್ತದೆ. ಹೇಗೆ ಅಂತ ಕೇಳಿದರೆ "ಕೈಗೆ ಗೊತ್ತಾಗ್ತದ, ಬಾಯಿಲೆ ಹೇಳ್ಲಾಕ ಬರಲ್ಲ" ಅನ್ನುತ್ತಾರೆ. ನನ್ನ ಮಗನಿಗೆ 9 ವರ್ಷ. 7ರ ಮಗ್ಗಿ ತಲೆಯಲ್ಲಿ ನಿಲ್ಲುವುದಿಲ್ಲ. ಆದರೆ ಬಸ್ ಸ್ಟ್ಯಾಂಡಿನ ಅಷ್ಟೂ ಬಸ್ಸುಗಳ ವೇಳೆ, ದಾರಿ ಬಾಯಿಪಾಠ. ಈಗ ಶಾಲೆಗೆ ಒಂದು ತರಬೇತಿಯವರು ಬಂದಿದ್ದಾರೆ. ಎರಡು ದಿನದಲ್ಲಿ ಮಕ್ಕಳ 'ಮಿಡ್‌ಬ್ರೇನ್' ಎಬ್ಬಿಸುತ್ತಾರಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದಿ ತೋರಿಸಿದರು. ಫೀ 15,000 ರೂಪಾಯಿ. ಕಟ್ಟಬೇಕಾ? ಮುತ್ಯಾನ ಬುದ್ಧಿ ಮೊಮ್ಮಗನಿಗೆ ರಕ್ತದಲ್ಲಿ ಬಂದಿರುವುದಿಲ್ಲವೇ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಆ 15,000 ಕಟ್ಟಬೇಡಿ.

ಕಣ್ಣಿಗೆ ಬಟ್ಟೆ ಕಟ್ಟಿದಾಗ ಮೂಗಿನ ಎರಡೂ ಪಕ್ಕದಲ್ಲಿ ಸಣ್ಣ ಸಂದು ಉಳಿಯುತ್ತದೆ. ಪುಸ್ತಕವನ್ನು ಎದೆ ಹತ್ತಿರ ಹಿಡಿದು ಗದ್ದ ತುಸು ಎತ್ತಿದರೆ ಆ ಸಂದಿನಲ್ಲಿ ಅಕ್ಷರ ಕಾಣುತ್ತದೆ. ಅಷ್ಟೇ ಗುಟ್ಟು. ಕೆಲವು ವರ್ಷದ ಹಿಂದೆ ನಾನೂ ಇಂಥದೊಂದು ಪ್ರದರ್ಶನಕ್ಕೆ ಹೋಗಿದ್ದೆ. ಓದುತ್ತಿದ್ದ ಹುಡುಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಅವಳ ಹಣೆಯ ಮುಂದೆ ಹಿಡಿದೆ. ಓದು ನಿಂತುಹೋಯಿತು. "ನಿಮ್ಮ ಅನುಮಾನದಿಂದ ಮಗುವಿನ ಶಕ್ತಿ ಕೆಟ್ಟಿತು" ಎಂದರು ತರಬೇತಿಯವರು. ಹುಡುಗಿ ಅಳಲು ಶುರು ಮಾಡಿದಳು. ಇಣುಕಿ ನೋಡುವುದು ಅವಳಿಗೆ ಗೊತ್ತಿತ್ತು. ಅದನ್ನು ಯಾರಿಗೂ ಹೇಳಬಾರದು ಅಂತಲೂ ಗೊತ್ತಿತ್ತು. ಅದನ್ನು ಕಲಿಸಿದ್ದಕ್ಕೆ ಅವರಪ್ಪ ದುಡ್ಡು ಕೊಟ್ಟಿದ್ದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇಂಥ ಪ್ರದರ್ಶನಗಳ ಬಣ್ಣವನ್ನು ಎಷ್ಟೋ ಸಲ ಬಯಲು ಮಾಡಿದ್ದಾರೆ. ಆದರೂ ಅಂಗಡಿ ಮುಚ್ಚಿಲ್ಲ.

ಇನ್ನು ಮಿಡ್‌ಬ್ರೇನ್. ಅಂಥದೊಂದು ಭಾಗ ಮಿದುಳಿನಲ್ಲಿ ಇರುವುದು ನಿಜ. ಕನ್ನಡದಲ್ಲಿ ನಡುಮಿದುಳು ಅನ್ನೋಣ. ಮಿದುಳಿನ ಬುಡದಲ್ಲಿರುವ ಸಣ್ಣ ಭಾಗ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದ ಕಡೆ ತಲೆ ತಿರುಗಿಸುವುದು, ನಮ್ಮನ್ನು ಎಚ್ಚರವಾಗಿ ಇಡುವುದು, ಇಂಥ ಕೆಲಸಗಳಲ್ಲಿ ಅದಕ್ಕೆ ಪಾಲಿದೆ. ನಿಮ್ಮ ಮಗನ ನಡುಮಿದುಳು ನಿಜವಾಗಿ ಮಲಗಿದ್ದರೆ ಅವನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತಿರಲಿಲ್ಲ, ಐಸಿಯುನಲ್ಲಿ ಇರುತ್ತಿದ್ದ.

ಈಗ ಮಾವನವರಿಗೆ ಬರೋಣ. ಇದು ನನಗೆ ಇಷ್ಟವಾದ ವಿಷಯ, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರಾಗಬೇಡಿ.

ಅವರು ಮುಷ್ಟಿ ಬಿಚ್ಚಿದ ಕೂಡಲೇ ಉತ್ತರ ಬರುವುದನ್ನು ನೋಡಿದರೆ ಹುಟ್ಟುಗುಣ ಅನಿಸುವುದು ಸಹಜ. ನಿಜವಾದ ಹುಟ್ಟುಗುಣ ಬೇರೆ ಥರ ಇರುತ್ತದೆ. ಹಸುಗೂಸಿನ ಕೆನ್ನೆ ಸವರಿ, ಆ ಕಡೆಗೇ ಬಾಯಿ ತಿರುಗಿಸುತ್ತದೆ. ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಯಾರೂ ಕಲಿಸಿಲ್ಲ. ಕೆಲವು ತಿಂಗಳಲ್ಲಿ ಅವು ತಾವಾಗಿ ಮರೆಯಾಗುತ್ತವೆ, ಆ ಜಾಗಕ್ಕೆ ಬೇಕೆಂದು ಹಿಡಿಯುವ ಕೈ ಬರುತ್ತದೆ. ಮನುಷ್ಯರಲ್ಲಿ ಹುಟ್ಟಿನಿಂದ ಬಂದ ಇಂಥ ಸಿದ್ಧ ಚಲನೆಗಳು ಕಡಿಮೆ. ತೊಗರಿಯ ಹಸಿ ಅಳೆಯುವ ಗುಣ ಅವುಗಳಲ್ಲಿ ಇಲ್ಲ.

ಹುಟ್ಟುಗುಣಕ್ಕೂ ರೂಢಿ ಬೇಕಾಗುತ್ತದೆ ಅನ್ನುವುದು ಇನ್ನೂ ಸ್ವಾರಸ್ಯದ ಮಾತು. ನಿಮ್ಮ ಕಡೆ ಹಳ್ಳದ ದಂಡೆಯ ಜಾಲಿಗಿಡದಲ್ಲಿ ಗೀಜಗನ ಗೂಡು ನೋಡಿರಬೇಕಲ್ಲ. ಗೂಡು ನೇಯುವ ಹುಕಿ ಆ ಹಕ್ಕಿಗೆ ಹುಟ್ಟಿನಿಂದಲೇ ಬರುತ್ತದೆ. ಆದರೆ ಚಿಕ್ಕ ವಯಸ್ಸಿನ ಗಂಡುಹಕ್ಕಿ ನೇಯ್ದ ಗೂಡು ನೋಡಲಾಗದು, ಎಲ್ಲೆಲ್ಲೋ ಎಳೆ ಜೋತಾಡುತ್ತಿರುತ್ತದೆ. ಆಫ್ರಿಕಾದಲ್ಲಿರುವ ಅದರ ನೆಂಟ ಹಕ್ಕಿಯ ಮೇಲೆ ನಿಕೋಲಸ್ ಮತ್ತು ಎಲ್ಸಿ ಕೊಲಿಯಾಸ್ ದಂಪತಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ನೇಯಲು ಹಸಿರು ಎಳೆಗಳೇ ಸಿಗದೆ ಬೆಳೆದ ಮರಿಗಳಿಗೆ ಮುಂದೆ ನೇಯ್ಗೆ ಸರಿಯಾಗಿ ಬರಲಿಲ್ಲ. ನಮ್ಮ ಗೀಜಗನಲ್ಲಿ ಇನ್ನೊಂದು ಪದ್ಧತಿ ಇದೆ. ಗೂಡು ಅರ್ಧ ಆದಾಗ ಹೆಣ್ಣುಹಕ್ಕಿ ಬಂದು ಪರೀಕ್ಷೆ ಮಾಡುತ್ತದೆ. ಮನಸ್ಸಿಗೆ ಬಂದರೆ ಸಂಸಾರ, ಇಲ್ಲದಿದ್ದರೆ ಹಾರಿಹೋಗುತ್ತದೆ. ಗಂಡು ಮತ್ತೆ ಹೊಸದು ನೇಯಬೇಕು. ಈ ಹೆಣ್ಣುಹಕ್ಕಿಯನ್ನು ನೆನಪಿಡಿ, ಮುಂದೆ ಬರುತ್ತದೆ.

"ಕೈಗೆ ಗೊತ್ತಾಗ್ತದ, ಬಾಯಿಲೆ ಹೇಳ್ಲಾಕ ಬರಲ್ಲ" ಅಂದರಲ್ಲ ಮಾವನವರು. ಅದು ಬಿಗುಮಾನದ ಮಾತಲ್ಲ, ಅಕ್ಷರಶಃ ಸತ್ಯ. ನಮ್ಮ ಅವ್ವ ಜೋಳದ ರೊಟ್ಟಿ ಬಡಿಯುವಾಗ ನಾನು ಒಮ್ಮೆ ನೋಟ್‌ಬುಕ್ ಹಿಡಿದು ಕೂತಿದ್ದೆ. ಒಂದು ಬಟ್ಟಲು ಹಿಟ್ಟಿಗೆ ಎಸರು ಎಷ್ಟು? "ಹಿಟ್ಟು ಕೇಳಿದಷ್ಟು." ಎಷ್ಟು ಹೊತ್ತು ನಾದಬೇಕು? "ಬಿರುಕು ಬಿಡದಂಗ ಆಗೋತನ." ನನ್ನ ನೋಟ್‌ಬುಕ್ಕಿನಲ್ಲಿ ಒಂದು ಅಂಕಿಯೂ ಬೀಳಲಿಲ್ಲ. ಮಾತಾಡುತ್ತಲೇ ಅವ್ವ ಹತ್ತು ರೊಟ್ಟಿ ಬಡಿದು ಮುಗಿಸಿದ್ದಳು.

ನೆನಪು ಅನ್ನುವುದು ಮಿದುಳಿನಲ್ಲಿ ಒಂದೇ ಉಗ್ರಾಣ ಅಲ್ಲ. ಇದು ಸ್ಪಷ್ಟವಾಗಿದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯಿಂದ. ಮೂರ್ಛೆರೋಗ ವಾಸಿ ಮಾಡಲು 1953ರಲ್ಲಿ ಅವರ ಮಿದುಳಿನ ಎರಡೂ ಪಕ್ಕದಿಂದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಈಗ ತಾನೇ ಮಾತಾಡಿಸಿ ಹೋದವರು ಮತ್ತೆ ಬಂದರೆ ಹೊಸಬರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಮಾಡಿ ನೋಡಿ, ಮೊದಲ ಸಲ ಕೈ ಉಲ್ಟಾ ಓಡುತ್ತದೆ. ದಿನದಿಂದ ದಿನಕ್ಕೆ ಅವರ ಕೈ ಸುಧಾರಿಸಿತು. ಆದರೆ ಪ್ರತಿ ಸಲವೂ ಅವರಿಗೆ ಅದು ಮೊದಲ ಸಲ! ಕೈ ಕಲಿತಿತ್ತು, ಕಲಿತದ್ದು ಅವರಿಗೇ ಗೊತ್ತಿರಲಿಲ್ಲ. ರೊಟ್ಟಿ, ಸೈಕಲ್, ತೊಗರಿಯ ಮುಷ್ಟಿ ಎಲ್ಲ ಈ ಎರಡನೇ ಉಗ್ರಾಣದ ಸಾಮಾನು. ಅಲ್ಲಿಂದ ಬಾಯಿಗೆ ದಾರಿ ಕಿರಿದು.

ಬೀದರ್‌ನ ಬಿದ್ರಿ ಕೆಲಸಗಾರರಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದು ಬಣ್ಣದ್ದು. ಅದರಲ್ಲಿ ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗುವುದಿಲ್ಲ. ಸರಿಯಾದ ಮಣ್ಣು ಯಾವುದು ಅಂತ ಹಳಬರು ನಾಲಿಗೆಯ ಮೇಲೆ ಇಟ್ಟುಕೊಂಡು ಹೇಳುತ್ತಾರೆ. ನಾನೂ ನೆಕ್ಕಿ ನೋಡಿದೆ. ಮಣ್ಣಿನ ರುಚಿ ಬಂತು, ಅಷ್ಟೇ.

ಅವರ ನಾಲಿಗೆಗೂ ನನ್ನ ನಾಲಿಗೆಗೂ ಏನು ಫರಕು? ನಾಲಿಗೆಯಲ್ಲಿ ಏನೂ ಇರಲಿಕ್ಕಿಲ್ಲ. ಅವರು ರುಚಿ ನೋಡಿದ ಪ್ರತಿ ಸಲವೂ ಬೇಗನೆ ಪಾತ್ರೆಯೇ ಉತ್ತರ ಹೇಳಿದೆ, ಕಪ್ಪು ಏರಿತು ಅಥವಾ ಏರಲಿಲ್ಲ ಅಂತ. ಇದೇ ನಾನು ನೆನಪಿಡಿ ಅಂದ ಹೆಣ್ಣುಹಕ್ಕಿ. ಸರಿಯೋ ತಪ್ಪೋ ಅಂತ ಕೂಡಲೇ ಹೇಳುವವರು ಇದ್ದರೆ ಮನಸ್ಸು ಕಲಿಯುತ್ತದೆ. ಮಾವನವರ ಗಂಜನ್ನೇ ನೋಡಿ. ಬೆಳಿಗ್ಗೆ ಮುಷ್ಟಿ ಹಿಡಿದು ಒಂದು ರೇಟು ಅಂದುಕೊಳ್ಳುತ್ತಾರೆ. ಅವತ್ತೇ ಖರೀದಿದಾರ ಬೇರೆ ರೇಟು ಹೇಳುತ್ತಾನೆ. ಹಲ್ಲಲ್ಲಿ ಕಚ್ಚಿದಾಗ ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗೆ ಸಿಕ್ಕರೆ ಹಸಿ ಇದೆ. ಸರ್ಕಾರದ ಖರೀದಿ ಕೇಂದ್ರದಲ್ಲಿ ಹಸಿ ಶೇ 12 ದಾಟಬಾರದು ಅಂತ ನಿಯಮ. ಅಲ್ಲಿ ಮಷಿನ್ ಇಟ್ಟರೆ ಅಂಕಿ ಬಂದೇ ಬರುತ್ತದೆ. ಒಂದು ಸುಗ್ಗಿಯಲ್ಲಿ ಎಷ್ಟು ಚೀಲ? ಅಂಥ 40 ಸುಗ್ಗಿ. ಅಷ್ಟು ಸಲ ಪರೀಕ್ಷೆ ಬರೆದು ಅಷ್ಟು ಸಲ ಫಲಿತಾಂಶ ನೋಡಿದವರು ಯಾವ ಯೂನಿವರ್ಸಿಟಿಯಲ್ಲೂ ಸಿಗಲಿಕ್ಕಿಲ್ಲ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಈ ವಿಷಯದಲ್ಲಿ ಎದುರಾಳಿಗಳಾಗಿದ್ದರು. ಒಬ್ಬರು ಒಳಮನಸ್ಸಿನ ತೀರ್ಪನ್ನು ನಂಬದವರು, ಇನ್ನೊಬ್ಬರು ಅದನ್ನು ಮೆಚ್ಚುವವರು. 2009ರಲ್ಲಿ ಇಬ್ಬರೂ ಕೂಡಿ ಒಂದು ಲೇಖನ ಬರೆದು ಒಪ್ಪಿಕೊಂಡದ್ದು ಇಷ್ಟು: ಕೆಲಸದಲ್ಲಿ ಒಂದು ನಿಯಮ ಇರಬೇಕು, ತಪ್ಪು ಒಪ್ಪು ಬೇಗ ತಿಳಿಯಬೇಕು. ಎರಡೂ ಇದ್ದರೆ ಅನುಭವಿಯ ಒಳಮನಸ್ಸನ್ನು ನಂಬಬಹುದು. ಇಲ್ಲದಿದ್ದರೆ ಎಷ್ಟೇ ಅನುಭವ ಇದ್ದರೂ ಅದು ಬರೀ ಧೈರ್ಯ. ಹಾಗಾಗಿ ಮಾವನವರು ಕಾಳಿನ ಬಗ್ಗೆ ಹೇಳಿದರೆ ಕಣ್ಣುಮುಚ್ಚಿ ನಂಬಿ. ಬರುವ ಮಾರ್ಚ್‌ನಲ್ಲಿ ತೊಗರಿ ರೇಟು ಏರುತ್ತದೆ ಅಂತ ಹೇಳಿದರೆ ಅಷ್ಟು ನಂಬಬೇಡಿ. ಮಳೆ, ಆಮದು, ಸರ್ಕಾರದ ಆದೇಶ ಎಲ್ಲ ಸೇರಿ ಆಗುವ ಆಟ ಅದು. ಮುಷ್ಟಿಯಲ್ಲಿ ಸಿಗುವುದಿಲ್ಲ. ಮಾಲು ಹಿಡಿದಿಟ್ಟು ಕೈ ಸುಟ್ಟುಕೊಂಡ ವರ್ಷ ಯಾವುದು ಅಂತ ಕೇಳಿ ನೋಡಿ. ಊಟ ಆದ ಮೇಲೆ ಕೇಳಿ.

ಬಾಯಿಲೆಕ್ಕದ ಗುಟ್ಟು ಬೇರೆ. 4 ಕ್ವಿಂಟಲ್ 75 ಕಿಲೋ ತೊಗರಿ, ಕ್ವಿಂಟಲ್‌ಗೆ 8,000 ರೂಪಾಯಿ ಅಂದುಕೊಳ್ಳಿ. ನಾನು, ನೀವು 475ನ್ನು 80ರಿಂದ ಗುಣಿಸಲು ಹೋಗುತ್ತೇವೆ. ಅವರು ಹಾಗೆ ಮಾಡಿರಲಿಕ್ಕಿಲ್ಲ. ಐದಕ್ಕೆ 40,000, ಪಾವ್ ಕ್ವಿಂಟಲ್ ಕಮ್ಮಿ, 2,000 ಕಳೆ, 38,000. ಮುಗಿಯಿತು. ಹಿಂದಿನವರಿಗೆ ಕಾಲು, ಅರೆ, ಮುಕ್ಕಾಲು, ಸವ್ವಾ, ದೀಡ ಇವುಗಳ ಮಗ್ಗಿಯೂ ಬಾಯಲ್ಲಿ ಇರುತ್ತಿತ್ತು. ತಲೆ ನಮಗಿಂತ ವೇಗವಾಗಿ ಓಡುತ್ತದೆ ಅಂತಲ್ಲ. ಓಡಬೇಕಾದ ದೂರವೇ ಕಡಿಮೆ.

ದೂರ ಕಡಿಮೆ ಮಾಡಲೇಬೇಕು, ಯಾಕೆಂದರೆ ಮನಸ್ಸಿನ ಜಗಲಿ ಬಹಳ ಚಿಕ್ಕದು. ಒಂದೇ ಹೊತ್ತಿಗೆ ಏಳು ಸಂಗತಿ ಹಿಡಿಯಬಹುದು, ಎರಡು ಹೆಚ್ಚು, ಎರಡು ಕಡಿಮೆ ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದರು. ನಾಲ್ಕೇ ಅನ್ನುವವರು ಆಮೇಲೆ ಬಂದರು. ಜಾಣರಿಗೂ ಅದು ಬಹಳ ದೊಡ್ಡದೇನಲ್ಲ. ಹಾಗಾದರೆ ಅಸಾಮಾನ್ಯರು ಏನು ಮಾಡುತ್ತಾರೆ?

ಇದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಪ್ರಯೋಗ ಒಂದಿದೆ. ಆಂಡರ್ಸ್ ಎರಿಕ್‌ಸನ್, ವಿಲಿಯಂ ಚೇಸ್ ಮತ್ತು ಅವರ ಜೊತೆಯವರು 1980ರಲ್ಲಿ ಪ್ರಕಟಿಸಿದ್ದು. ಒಬ್ಬ ಸಾಧಾರಣ ಕಾಲೇಜು ಹುಡುಗ. ಸೆಕೆಂಡಿಗೆ ಒಂದರಂತೆ ಅಂಕಿ ಓದಿ ಹೇಳಿದರೆ ಅವನಿಗೆ 7 ನೆನಪಿರುತ್ತಿತ್ತು, ನಮ್ಮ ನಿಮ್ಮಂತೆ. ಒಂದೂವರೆ ವರ್ಷಕ್ಕೂ ಮೇಲೆ, ಒಟ್ಟು ಸುಮಾರು 230 ಗಂಟೆ ರೂಢಿ ಮಾಡಿದ. ಕೊನೆಗೆ 79 ಅಂಕಿ ಸಾಲಾಗಿ ಒಪ್ಪಿಸಿದ! ಅವನು ಓಟಗಾರ. 3492 ಅಂತ ಕೇಳಿದರೆ ಅವನಿಗೆ ಅದು 3 ನಿಮಿಷ 49.2 ಸೆಕೆಂಡು, ಒಂದು ಮೈಲಿ ಓಟದ ಒಳ್ಳೆಯ ಟೈಮ್. ನಾಲ್ಕು ಅಂಕಿ ಒಂದು ಗಂಟಾಯಿತು. ಗಂಟುಗಳನ್ನು ಸೇರಿಸಿ ಮೂಟೆ ಕಟ್ಟಿದ. ಆಮೇಲೆ ಅಂಕಿ ಬಿಟ್ಟು ಅಕ್ಷರ ಕೊಟ್ಟು ನೋಡಿದರು. ನೆನಪಿದ್ದದ್ದು ಸುಮಾರು 6 ಅಕ್ಷರ. ಮತ್ತೆ ಸಾಧಾರಣ ಹುಡುಗ.

ಚದುರಂಗದಲ್ಲೂ ಇದೇ ಕಥೆ. ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪಂದ್ಯದ ನಡುವಿನ ಹಲಗೆಯನ್ನು 5 ಸೆಕೆಂಡು ತೋರಿಸಿ ಮುಚ್ಚಿದರು. ಪಳಗಿದ ಆಟಗಾರ ಬಹಳಷ್ಟು ಕಾಯಿಗಳನ್ನು ಅದದೇ ಜಾಗದಲ್ಲಿ ಇಟ್ಟ, ಹೊಸಬನಿಗೆ ನಾಲ್ಕು ಕಾಯಿ ನೆನಪಿತ್ತು. ಆದರೆ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಇಬ್ಬರೂ ಒಂದೇ. ನಿಮ್ಮ ಮಗನಿಗೂ ಬಸ್ಸಿನ ವೇಳೆ ಬಿಡಿ ಅಂಕಿಯಲ್ಲ. ಸುರಪುರದಿಂದ ಬರುವ ಬಸ್ಸು, ಜೇವರ್ಗಿ ಮೇಲೆ ಕಲಬುರಗಿಗೆ ಹೋಗುವುದು, ಡ್ರೈವರ್ ಚಹಾಕ್ಕೆ ಇಳಿಯುವ ಹೊತ್ತು. ಏಳೆಂಟ್ಲಿ ಎಷ್ಟು ಅನ್ನುವುದಕ್ಕೆ ಬಣ್ಣವಿಲ್ಲ, ಹಾರ್ನ್ ಇಲ್ಲ, ಊರಿನ ಬೋರ್ಡೂ ಇಲ್ಲ.

ನಮ್ಮ ಶಕುಂತಲಾ ದೇವಿಯವರನ್ನೇ ನೋಡಿ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದವರು. 1980ರ ಜೂನ್‌ನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಕೊಟ್ಟರು. 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದರು. ಇಂಥವರ ಮಿದುಳೇ ಮಿಂಚಿನ ವೇಗದ್ದು ಇರಬೇಕು ಅನಿಸುತ್ತದೆ, ಅಲ್ವಾ? 1988ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅದನ್ನೇ ಪರೀಕ್ಷಿಸಿದರು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳು. ಅವುಗಳಲ್ಲಿ ಅವರ ವೇಗ ಸಾಧಾರಣವಾಗಿತ್ತು. ಅಂಕಿಯ ಲೋಕದಲ್ಲಿ ಮಾತ್ರ ಅವರನ್ನು ಹಿಡಿಯುವವರಿರಲಿಲ್ಲ.

ಹಾಗಾಗಿ ಯಾರಾದರೂ ಒಂದು ಗುಂಡಿ ಒತ್ತಿ ಗಣಿತ, ನೆನಪು, ಏಕಾಗ್ರತೆ, ಚಿತ್ರಕಲೆ ಎಲ್ಲವನ್ನೂ ಒಟ್ಟಿಗೆ ಏರಿಸುತ್ತೇನೆ ಅಂದರೆ ನನಗೆ ಅನುಮಾನ. ಒಂದು ಕೋಣೆಯಲ್ಲಿ ಗಳಿಸಿದ್ದು ಪಕ್ಕದ ಕೋಣೆಗೆ ಹೋಗುವುದೇ ಕಷ್ಟ. ಮಾವನವರನ್ನು ಬೀದರ್‌ನ ಮಣ್ಣಿನ ಮುಂದೆ ಕೂರಿಸಿದರೆ ಅವರೂ ನನ್ನ ಹಾಗೆಯೇ.

ರಕ್ತದ ಪ್ರಶ್ನೆ. ಇದಕ್ಕೆ ಹೌದು ಅಂದರೂ ಅಲ್ಲ ಅಂದರೂ ಸುಳ್ಳಾಗುತ್ತದೆ. ಸುಮ್ನೆ ರೂಢಿ ಮಾಡಿದರೆ ಯಾರಾದರೂ ಏನಾದರೂ ಆಗಬಹುದು ಅನ್ನುವ ಮಾತೂ ಚಾಲ್ತಿಯಲ್ಲಿದೆ, ಹತ್ತು ಸಾವಿರ ಗಂಟೆ ಅಂತ. ಅದನ್ನೂ ಪೂರ್ತಿ ನಂಬಬೇಡಿ. 88 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಲೆಕ್ಕ ಹಾಕಿದಾಗ, ಚದುರಂಗದಂಥ ಆಟಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ರೂಢಿಯ ಪಾಲು ಶೇ 26, ಸಂಗೀತದಲ್ಲಿ ಶೇ 21. ಸಣ್ಣದಲ್ಲ, ಪೂರ್ತಿಯೂ ಅಲ್ಲ. ಉಳಿದದ್ದರಲ್ಲಿ ಹುಟ್ಟು ಇದೆ, ಶುರು ಮಾಡಿದ ವಯಸ್ಸು ಇದೆ, ಕಲಿಸಿದವರು ಇದ್ದಾರೆ.

ಹುಟ್ಟನ್ನೂ ಮನೆಯನ್ನೂ ಬೇರೆ ಮಾಡುವುದು ಕಷ್ಟ. ಬಿದ್ರಿಗಾಗಿ 2023ರಲ್ಲಿ ಪದ್ಮಶ್ರೀ ಪಡೆದ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಕೆಲಸ ಕಲಿತದ್ದು ತಂದೆಯಿಂದ. ರಕ್ತ ಕೊಟ್ಟವರೂ ಅವರೇ, ಉಳಿ ಕೈಗೆ ಕೊಟ್ಟವರೂ ಅವರೇ. ಯಾವುದರಿಂದ ಎಷ್ಟು ಬಂತು ಅಂತ ಹೇಗೆ ಅಳೆಯುತ್ತೀರಿ? ನಿಮ್ಮ ಮನೆಯಲ್ಲೇ ಒಂದು ಪ್ರಯೋಗ ನಡೆದಿದೆ, ನೋಡಿ. ನಿಮ್ಮ ಯಜಮಾನರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅವರೂ ಅದೇ ರಕ್ತ ತಾನೆ? ಅವರು ಮುಷ್ಟಿ ನೋಡಿ ರೇಟು ಹೇಳುತ್ತಾರಾ? ಹೇಳದಿದ್ದರೆ, ಅವರು ಗಂಜಿನಲ್ಲಿ ಎಷ್ಟು ವರ್ಷ ಕೂತರು ಅಂತ ಲೆಕ್ಕ ಹಾಕಿ.

ಇನ್ನು ಹುಡುಗನ ಮಗ್ಗಿ. ಒಂದು ಸಣ್ಣ ಪರೀಕ್ಷೆ ಮಾಡಿ. "10:35ರ ಬಸ್ ಹೋಯಿತು, ಮುಂದಿನದು 11:10ಕ್ಕೆ, ನಡುವೆ ಎಷ್ಟು ನಿಮಿಷ?" ಅಂತ ಕೇಳಿ. ನಿಧಾನವಾಗಿಯಾದರೂ 35 ಅಂದರೆ ಗಾಬರಿ ಬೇಡ, ಅವನಿಗೆ ಅಂಕಿಯ ಅಳತೆ ಗೊತ್ತಿದೆ, ಮಗ್ಗಿ ಮಾತ್ರ ನಿಂತಿಲ್ಲ. 9 ಮತ್ತು 6ರಲ್ಲಿ ಯಾವುದು ದೊಡ್ಡದು ಅಂತಲೂ ಯೋಚಿಸುತ್ತಾನಾ, 5ಕ್ಕೆ 3 ಕೂಡಲು ಇನ್ನೂ ಬೆರಳು ಮಡಿಚುತ್ತಾನಾ? ಹಾಗಿದ್ದರೆ ಸೋಮಾರಿ ಅಂತ ಬೈಯಬೇಡಿ. ಡಿಸ್‌ಕ್ಯಾಲ್ಕುಲಿಯಾ ಅನ್ನುವ ಕಲಿಕೆಯ ತೊಂದರೆ ಇರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. 15,000 ರೂಪಾಯಿಯ ತರಬೇತಿಗಿಂತ ಆ ಒಂದು ಭೇಟಿ ಮೇಲು.

ತೊಂದರೆ ಇಲ್ಲದಿದ್ದರೆ 7ರ ಮಗ್ಗಿಯನ್ನು ಹತ್ತು ಸಲ ಬರೆಸುವುದನ್ನು ಬಿಡಿ. ನೋಡಿ ಬರೆಯುವಾಗ ಮನಸ್ಸು ಹುಡುಕುವ ಕೆಲಸವನ್ನೇ ಮಾಡುವುದಿಲ್ಲ. ಮುಚ್ಚಿಟ್ಟು ಕೇಳಿ. ಇವತ್ತು ಎರಡೇ, 7×6 ಮತ್ತು 7×8. ನಾಳೆ ಅವೇ ಎರಡು, ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಇನ್ನೊಮ್ಮೆ. ಮರೆಯುವ ಹೊತ್ತಿಗೆ ಸರಿಯಾಗಿ ಕೇಳಿದರೆ ಗಟ್ಟಿಯಾಗುತ್ತದೆ. ದಿನಕ್ಕೆ ಐದು ನಿಮಿಷ ಸಾಕು. ಪ್ರಶ್ನೆಯನ್ನು ಅವನ ಬಸ್ಸಿಗೇ ಹತ್ತಿಸಿ. 7 ಜನ ಹತ್ತಿದರು, ಟಿಕೆಟ್ 8 ರೂಪಾಯಿ, ಕಂಡಕ್ಟರ್ ಚೀಲಕ್ಕೆ ಎಷ್ಟು ಬಿತ್ತು? ಕಂಡಕ್ಟರ್ ಅವನೇ ಆಗಲಿ, ಚಿಲ್ಲರೆ ನೀವು ಕೊಡಿ. ಎರಡು ರೂಪಾಯಿ ಕಮ್ಮಿ ಕೊಟ್ಟು ನೋಡಿ, ಹಿಡಿಯುತ್ತಾನಾ ಅಂತ.

ಇನ್ನೊಂದು ಮಾತು. ಸಂಕ್ರಾಂತಿಯ ಹೊತ್ತಿಗೆ ಹೊಸ ತೊಗರಿ ಬರುತ್ತದೆ. ಶಾಲೆಗೆ ರಜೆ ಇದ್ದು ಗಂಜ್ ತೆರೆದಿರುವ ದಿನ ನೋಡಿ ಹುಡುಗನನ್ನು ಮುತ್ಯಾನ ಜೊತೆ ಕಳಿಸಿ. ಬಸ್ಸಿನಲ್ಲಿ ಕಳಿಸಿ, ಅವನಿಗೂ ಖುಷಿ. ಒಂದೇ ಷರತ್ತು: ಮುಷ್ಟಿ ತೆಗೆದಾಗ ಮೊದಲು ಮೊಮ್ಮಗ ಹೇಳಬೇಕು, ಆಮೇಲೆ ಮುತ್ಯಾ. ಹುಡುಗ ಮೊದಲ ದಿನ ಎಲ್ಲವನ್ನೂ ತಪ್ಪು ಹೇಳುತ್ತಾನೆ. ನಗಬೇಡಿ ಅಂತ ಮಾವನವರಿಗೆ ಮೊದಲೇ ಹೇಳಿಡಿ.